ಫಾರ್ಮ್ಯಾಟ್ ಹೊಡೆಸುವ ಮೊದಲು ಗ್ರಬ್ ನೋಡಿ

ಅಳವಂಡಿಯಲ್ಲಿ ಉಬುಂಟು ಹಾಕಿದ ಹಳೆಯ ಡೆಸ್ಕ್‌ಟಾಪ್ ಒಮ್ಮೆಲೇ ಕಪ್ಪು ಪರದೆ ತೋರಿಸಿ ನಿಂತರೆ, ಸಿಪಿಯು ಬೈಕಿಗೆ ಕಟ್ಟಿ ಕೊಪ್ಪಳಕ್ಕೆ ಒಯ್ಯುವ ಮನಸ್ಸಾಗುತ್ತದೆ. ಅಲ್ಲಿ ‘ಫಾರ್ಮ್ಯಾಟ್ ಹೊಡೀಬೇಕ್ರಿ’ ಅಂದುಬಿಟ್ಟರೆ ಫೋಟೊ, ಲೆಕ್ಕಪತ್ರ ಎಲ್ಲವೂ ಹೋದಂತೆ. ಅಷ್ಟು ಅವಸರ ಬೇಡ. ಯಂತ್ರ ಯಾವ ಹಂತದಲ್ಲಿ ನಿಂತಿದೆ ಎಂಬುದನ್ನು ಪರದೆಯೇ ಹೇಳುತ್ತದೆ.

ಸ್ವಿಚ್ ಒತ್ತಿದಾಗ ಮೊದಲು ಏಳುವುದು ಬಯೋಸ್ ಅಥವಾ ಅದರ ಹೊಸ ರೂಪವಾದ ಯುಇಎಫ್‌ಐ. ಅದು ಡಿಸ್ಕಿನಲ್ಲಿರುವ ಗ್ರಬ್ ಎಂಬ ಬೂಟ್‌ಲೋಡರನ್ನು ಕರೆಯುತ್ತದೆ. ಗ್ರಬ್ ಲಿನಕ್ಸ್ ಕರ್ನಲನ್ನು ಮೆಮೊರಿಗೆ ತಂದು ಕೆಲಸ ಒಪ್ಪಿಸಿ ಸರಿಯುತ್ತದೆ.

‘ನೋ ಬೂಟ್ ಡಿವೈಸ್’ ಎಂದು ಬಂದರೆ ಸರದಿ ಗ್ರಬ್‌ವರೆಗೆ ಬಂದೇ ಇಲ್ಲ. ಕರೆಂಟ್ ಹೋಗಿ ಬಂದಾಗಲೆಲ್ಲ ಗಡಿಯಾರ ಹಳೆಯ ವರ್ಷಕ್ಕೆ ಹೋಗುತ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿರುತ್ತದೆ. ಅದರೊಂದಿಗೆ ಬೂಟ್ ಕ್ರಮವೂ ಅಳಿಸಿಹೋಗಬಹುದು. ಸೆಲ್ ಬದಲಿಸಿ, ಸೆಟಪ್‌ಗೆ ಹೋಗಿ ಹಾರ್ಡ್‌ಡಿಸ್ಕನ್ನು ಮತ್ತೆ ಮೊದಲಿಗಿಡಿ.

ವಿದ್ಯುತ್ ಕೈಕೊಡುವ ಊರುಗಳಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಎಂದು ಬರೆದು ನಿಲ್ಲುವುದೂ ಉಂಟು. ಇಲ್ಲಿ ಗ್ರಬ್ ನಿರಪರಾಧಿ, ತನ್ನ ಪಾಲಿನ ಕೆಲಸ ಮುಗಿಸಿದೆ. ಬರೆಯುತ್ತಿರುವಾಗಲೇ ಕರೆಂಟ್ ಹೋಗಿ ಕಡತವ್ಯವಸ್ಥೆ ಹದಗೆಟ್ಟಿದೆ. ‘ಎಫ್‌ಎಸ್‌ಸಿಕೆ’ ಆದೇಶದ ಮುಂದೆ ಪರದೆ ಹೆಸರಿಸಿದ ಪಾರ್ಟಿಷನ್ ಸೇರಿಸಿ ಓಡಿಸಿ, ಆಮೇಲೆ ‘ಎಕ್ಸಿಟ್’ ಕೊಡಿ. ಪದೇ ಪದೇ ಹೀಗಾದರೆ ಡಿಸ್ಕನ್ನೇ ಅನುಮಾನಿಸಬೇಕು. ಯುಪಿಎಸ್‌ಗೆ ಹಾಕುವ ದುಡ್ಡು ಇಲ್ಲಿ ದಂಡವಲ್ಲ.

ಗ್ರಬ್‌ನದೇ ತೊಂದರೆಯಾದರೆ ‘ಗ್ರಬ್ ರೆಸ್ಕ್ಯೂ’ ಎಂಬ ಸಾಲು ಕಾಣುತ್ತದೆ. ಪಾರ್ಟಿಷನ್ ಅಳಿಸಿದ ಅಥವಾ ಹಿಗ್ಗಿಸಿದ ಮೇಲೆ ಅದಕ್ಕೆ ತನ್ನ ಕಡತಗಳು ಸಿಗುತ್ತಿಲ್ಲ ಎಂದರ್ಥ. ‘ಎಲ್‌ಎಸ್’ ಒತ್ತಿದರೆ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಒಂದೊಂದರಲ್ಲೂ ‘/ಬೂಟ್/ಗ್ರಬ್’ ಇದೆಯೇ ನೋಡುತ್ತ ಹೋಗಿ. ಸಿಕ್ಕ ಪಾರ್ಟಿಷನನ್ನು ‘ಸೆಟ್ ರೂಟ್’ಗೆ, ಆ ಫೋಲ್ಡರನ್ನು ‘ಸೆಟ್ ಪ್ರಿಫಿಕ್ಸ್’ಗೆ ಕೊಟ್ಟು, ‘ಇನ್ಸ್‌ಮಾಡ್ ನಾರ್ಮಲ್’, ಬಳಿಕ ‘ನಾರ್ಮಲ್’ ಎಂದರೆ ಮೆನು ತೆರೆದುಕೊಳ್ಳುತ್ತದೆ. (ಟೈಪಿಸುವುದೆಲ್ಲ ಇಂಗ್ಲಿಷ್ ಅಕ್ಷರದಲ್ಲೇ.) ಇದು ಆ ಹೊತ್ತಿನ ಉಪಾಯವಷ್ಟೆ. ಒಳಗೆ ಹೋದ ಕೂಡಲೇ ‘ಗ್ರಬ್-ಇನ್‌ಸ್ಟಾಲ್’ ಓಡಿಸಿ. ಹಳೆಯ ಬಯೋಸ್ ಯಂತ್ರದಲ್ಲಿ ಅದಕ್ಕೆ ಕೊಡಬೇಕಾದ್ದು ಇಡೀ ಡಿಸ್ಕಿನ ಹೆಸರು: ‘ಎಸ್‌ಡಿಎ’ ಸರಿ, ‘ಎಸ್‌ಡಿಎ1’ ತಪ್ಪು.

ಅಪ್‌ಡೇಟ್ ಆದ ಮೇಲೆ ಯಂತ್ರ ಏಳದಿದ್ದರೆ ಕೆಲಸ ಇನ್ನೂ ಸುಲಭ. ಆನ್ ಮಾಡುವಾಗ ಬಯೋಸ್ ಯಂತ್ರದಲ್ಲಿ ಶಿಫ್ಟ್ ಒತ್ತಿ ಹಿಡಿಯಿರಿ, ಯುಇಎಫ್‌ಐನಲ್ಲಿ ಎಸ್ಕೇಪ್ ಒತ್ತಿ, ಗ್ರಬ್ ಮೆನು ಬರುತ್ತದೆ. ಅದರ ‘ಅಡ್ವಾನ್ಸ್ಡ್ ಆಪ್ಶನ್ಸ್’ನಲ್ಲಿ ಹಳೆಯ ಕರ್ನಲ್ ಇರುತ್ತದೆ, ಅದನ್ನು ಆರಿಸಿ.

ಮೆನುವಿನ ಕಾಯುವ ಸಮಯ, ಮೊದಲು ಏಳಬೇಕಾದ ವ್ಯವಸ್ಥೆ ಇವೆಲ್ಲ ಬದಲಾಗುವುದು ‘/ಇಟಿಸಿ/ಡಿಫಾಲ್ಟ್/ಗ್ರಬ್’ ಕಡತದಲ್ಲಿ. ‘ಗ್ರಬ್.ಸಿಎಫ್‌ಜಿ’ಯನ್ನು ನೇರವಾಗಿ ತಿದ್ದಬೇಡಿ, ಮುಂದಿನ ಅಪ್‌ಡೇಟ್ ಅದನ್ನು ಹೊಸದಾಗಿ ಬರೆಯುತ್ತದೆ. ಪಕ್ಕದಲ್ಲಿ ವಿಂಡೋಸ್ ಇದ್ದೂ ಮೆನುವಿನಲ್ಲಿ ಕಾಣದಿದ್ದರೆ ಗಾಬರಿ ಬೇಡ. ಗ್ರಬ್‌ನ 2021ರ 2.06 ಆವೃತ್ತಿಯಿಂದ ಬೇರೆ ವ್ಯವಸ್ಥೆಗಳನ್ನು ಹುಡುಕುವ ‘ಒಎಸ್-ಪ್ರೋಬರ್’ ತಾನಾಗಿ ಓಡುವುದಿಲ್ಲ. ಅದೇ ಕಡತದಲ್ಲಿ ‘ಗ್ರಬ್_ಡಿಸೇಬಲ್_ಒಎಸ್_ಪ್ರೋಬರ್’ ಸಾಲಿಗೆ ‘ಫಾಲ್ಸ್’ ಎಂದು ಬರೆದು ‘ಸುಡೊ ಅಪ್‌ಡೇಟ್-ಗ್ರಬ್’ ಕೊಟ್ಟರೆ ವಿಂಡೋಸ್ ಮೆನುವಿಗೆ ಬರುತ್ತದೆ.