ಆಂಗ್ಲರ ಆಡುಮಾತು

ಕಳೆದ ದಸರೆಗೆ ಮಸರಕಲ್ಲಿಗೆ ಬಂದಿದ್ದ ಮೊಮ್ಮಗನು ಎಲೆಯ ಮುಂದೆ ಕುಳಿತು, "ಮುತ್ಯಾ, ಅಜ್ಜೀ ಹೋಳಿಗಿ ಸಿಕ್!" ಎಂದನು. ಸಂಸ್ಕೃತದೊಡನೆ ಇಂಗ್ಲಿಷನ್ನೂ 30 ವರುಷ ಕಲಿಸಿದ ನಾನು, ಅದಕ್ಕೆ 'ಕಾಯಿಲೆ' ಎಂದು ಮನೆಯಾಕೆಗೆ ಅರ್ಥ ಹೇಳಿದೆನು. ಆಕೆ ಅಂದು ಉಣ್ಣಲಿಲ್ಲ. ಈಗಿನ ತರುಣರ ಮಾತಿನಲ್ಲಿ ಅದು 'ಅತ್ಯುತ್ತಮ' ಎಂಬ ಹೊಗಳಿಕೆಯೆಂದು ಮರುದಿನ ತಿಳಿಯಿತು. ತಪ್ಪು ನನ್ನದೇ.

ಮಮ್ಮಟನು ಗ್ರಾಮ್ಯಪದವನ್ನು ಕಾವ್ಯದೋಷಗಳಲ್ಲಿ ಎಣಿಸಿರುವನೆಂದು ನಾನು ಇಂತಹ ಮಾತುಗಳನ್ನು ಕಡೆಗಣಿಸಿದ್ದೆನು. ವಾಚಕರೇ, ಈಗ ಕೋಶ ತೆರೆದು ನೋಡಿದರೆ ಬೆರಗು! ಅಪ್ಪಟವಾದುದಕ್ಕೆ ಆಂಗ್ಲರು 'ಪಕ್ಕಾ' ಎನ್ನುವರು; ಅದು ಹಿಂದಿಯ ದಾರಿಯಿಂದ ಹೋದ ಸಂಸ್ಕೃತದ 'ಪಕ್ವ'ವೇ. ಶ್ರಮವಿಲ್ಲದ ಉದ್ಯೋಗವು 'ಕುಶಿ'; ಪಾರಸಿಯ 'ಖುಷಿ'. ಒಮ್ಮೆ ಕಣ್ಣು ಹಾಯಿಸುವುದು 'ಡೆಕ್ಕೊ', ಹಿಂದಿಯ 'ದೇಖೋ'. 'ವಿಲಾಯತಿ'ಯು ಸಿಪಾಯಿಗಳ ಬಾಯಲ್ಲಿ 'ಬ್ಲೈಟಿ'ಯಾಗಿ, 1914-18ರ ಯುದ್ಧದಲ್ಲಿ, ತಾಯ್ನಾಡಿಗೆ ಮರಳಿಸುವಷ್ಟು ಪೆಟ್ಟಾದ ಗಾಯಕ್ಕೂ ಅದೇ ಹೆಸರಾಯಿತು. ಭಾರತದಲ್ಲಿದ್ದ ಆಂಗ್ಲರ ಆಡುಮಾತಿಗೆಂದೇ ಯೂಲ್ ಮತ್ತು ಬರ್ನೆಲ್ಲರ 'ಹಾಬ್ಸನ್-ಜಾಬ್ಸನ್' ಕೋಶವು 1886ರಲ್ಲಿ ಹೊರಬಂದಿತು. 1948ರವರೆಗೆ ನಿಜಾಮರಿಗೆ ಸೇರಿದ್ದ ನಮ್ಮ ರಾಯಚೂರು ಸೀಮೆಯಲ್ಲಿ ಪಕ್ಕಾ, ಖುಷಿಗಳು ಒಕ್ಕಲಿಗನ ಮನೆಮಾತೇ ಆಗಿವೆ.

ದೀಪಾವಳಿಗೆ ಹುಡುಗನು ಮತ್ತೆ ಬಂದಾಗ ಆಕೆಯೇ ಹೋಳಿಗೆ ಬಡಿಸುತ್ತ, "ಸಿಕ್ ಆಗ್ಯಾದೇನಪ್ಪಾ?" ಎಂದು ಕೇಳಿದಳು.