ಭೀಮೆಯ ಬೆನ್ನು ಹಿಡಿದು ಭೋರಗಿರಿಯಿಂದ ಮೇಲಕ್ಕೆ

ಪುಣೆಯ ವಾಕಡದಿಂದ ನಸುಕಿನಲ್ಲೇ ಹೊರಟರೆ ಬಿಸಿಲೇರುವ ಮೊದಲು ಭೋರಗಿರಿ ಮುಟ್ಟಬಹುದು. ನಾಸಿಕ ಫಾಟಾ, ಭೋಸರಿ, ಚಾಕಣ ದಾಟಿ ರಾಜಗುರುನಗರದಲ್ಲಿ ಎಡಕ್ಕೆ ಹೊರಳಬೇಕು. ಮುಂದೆ ಚಾಸ, ವಾಡಾ. ಅಲ್ಲಿಂದಾಚೆ ರಸ್ತೆ ಕಿರಿದಾಗುತ್ತ ಹೋಗಿ, ಸುತ್ತ ಗುಡ್ಡಗಳು ಮುತ್ತಿದ ಕಣಿವೆಯೊಂದರ ತುದಿಯಲ್ಲಿ ನಿಲ್ಲುತ್ತದೆ. ಅದೇ ಭೋರಗಿರಿ. ಅಲ್ಲಿಂದ ಕಾಲುಹಾದಿ. ಭೀಮಾಶಂಕರ ವನ್ಯಧಾಮದೊಳಗೆ ಆರೇಳು ಕಿಲೋಮೀಟರ್ ಏರಿ ಜ್ಯೋತಿರ್ಲಿಂಗದ ದೇವಸ್ಥಾನ ಸೇರುವ ಈ ಹಾದಿಯನ್ನು ಪುಣೆಯ ಕನ್ನಡಿಗರು ಒಮ್ಮೆಯಾದರೂ ನಡೆಯಲೇಬೇಕು. ಪಕ್ಕದಲ್ಲೇ ಕಲ್ಲುಗಳ ನಡುವೆ ಹರಿಯುವ ಹಳ್ಳ ಬೇರೆ ಯಾವುದೂ ಅಲ್ಲ, ನಮ್ಮ ಭೀಮಾ ನದಿ.

ಏಪ್ರಿಲ್ ಕೊನೆಯ ದಿನಗಳು. ಹಳ್ಳದಲ್ಲಿ ಹರಿವು ನಿಂತು ಅಲ್ಲಲ್ಲಿ ಮಡುಗಳಷ್ಟೇ ಉಳಿದಿದ್ದವು. ನಮ್ಮ ಕಾರಿನ ಚಾಲಕ ಇಂಡಿ ತಾಲೂಕಿನವರು, ಹಿಂಜವಡಿಯ ಕಂಪನಿಗಳಿಗೆ ಕ್ಯಾಬ್ ಓಡಿಸುತ್ತ ವಾಕಡದಲ್ಲೇ ನೆಲೆಸಿದವರು. ಮಡುವಿನ ದಂಡೆಯಲ್ಲಿ ನಿಂತು ಬಹಳ ಹೊತ್ತು ನೋಡಿದರು. "ಇದ ಏನ್ರಿ ಸರ ನಮ್ಮ ಭೀಮಾ? ನಮ್ಮ ಕಡಿ ಇದನ್ನ ದಾಟಾಕ ದೋಣಿ ಬೇಕ್ರಿ" ಅಂದರು. 2020ರ ಅಕ್ಟೋಬರಿನಲ್ಲಿ ಇದೇ ನದಿ ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಊರೂರನ್ನೇ ನುಂಗಿತ್ತು. ಆ ನೀರು ನೋಡಿದವರಿಗೆ ಈ ಮಡು ನಂಬಲು ಕಷ್ಟವೇ.

ಇಲ್ಲಿಂದ ಹೊರಟ ಭೀಮೆ ಚಾಸಕಮಾನ ಅಣೆಕಟ್ಟು ದಾಟಿ, ಕ್ರಾಂತಿಕಾರಿ ರಾಜಗುರು ಹುಟ್ಟಿದ ಖೇಡ ಊರನ್ನು (ಈಗಿನ ರಾಜಗುರುನಗರ) ಬಳಸಿ, ಉಜನಿಯಲ್ಲಿ ತಂಗಿ, ಪಂಢರಪುರದಲ್ಲಿ ಚಂದ್ರಭಾಗಾ ಎನಿಸಿಕೊಂಡು ಕರ್ನಾಟಕಕ್ಕೆ ಬರುತ್ತದೆ. ಗಾಣಗಾಪುರದ ಸಂಗಮ, ಅಶೋಕನ ಶಾಸನ ಸಿಕ್ಕ ಸನ್ನತಿ, ಯಾದಗಿರಿ ಎಲ್ಲವೂ ಇದೇ ನದಿಯ ದಂಡೆಯವು. ಒಟ್ಟು 861 ಕಿಲೋಮೀಟರ್ ಹರಿದು ರಾಯಚೂರಿನ ಹತ್ತಿರ ಕೃಷ್ಣೆಗೆ ಸೇರುತ್ತದೆ. ಭೀಮಾತೀರ ಎಂದೊಡನೆ ನಮ್ಮ ಪತ್ರಿಕೆ, ಸಿನಿಮಾಗಳಿಗೆ ಬಂದೂಕು, ಹಗೆತನಗಳೇ ನೆನಪಾಗುವುದು ನನಗೆ ಎಂದಿನಿಂದಲೂ ನೋವಿನ ಸಂಗತಿ. ಆ ಹೆಸರಿನ ಮೊದಲ ತೀರ ಹೀಗಿದೆ: ನೇರಳೆ, ಮಾವು, ಅಳಲೆ ಮರಗಳ ನೆರಳು, ಒದ್ದೆ ಕಲ್ಲಿನ ಮೇಲೆ ಪಾಚಿ, ಜೀರುಂಡೆಗಳ ಸದ್ದು.

ಊರ ಕೈಪಿಡಿ ಹೇಳುವ ಇತಿಹಾಸವನ್ನು ಬೇಗ ಮುಗಿಸುತ್ತೇನೆ. ತ್ರಿಪುರಾಸುರನನ್ನು ಕೊಂದು ದಣಿದ ಶಿವನ ಬೆವರೇ ಭೀಮೆಯಾಯಿತು ಎಂಬುದು ಐತಿಹ್ಯ. ಭೋರಗಿರಿಯ ಕೋಟೇಶ್ವರ ಗುಡಿಯನ್ನು ಶಿಲಾಹಾರರ ಝಂಝ ರಾಜ ಕಟ್ಟಿಸಿದನೆಂದು ಪ್ರತೀತಿ. ಸಹ್ಯಾದ್ರಿಯ ನದಿಮೂಲಗಳಲ್ಲಿ ಅವನು 12 ಶಿವಾಲಯ ಕಟ್ಟಿಸಿದನಂತೆ. ಮೇಲಿನ ಭೀಮಾಶಂಕರ ದೇವಸ್ಥಾನದ ಶಿಖರ ಪೇಶ್ವೆಗಳ ಕಾಲದ ನಾನಾ ಫಡಣವೀಸನ ಕೊಡುಗೆ. ಅಲ್ಲಿ ತೂಗುವ ದೊಡ್ಡ ಗಂಟೆ 1739ರ ವಸಈ ಯುದ್ಧ ಗೆದ್ದ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ತಂದದ್ದು. ಸುತ್ತಲಿನ ಸುಮಾರು 130 ಚದರ ಕಿಲೋಮೀಟರ್ ಕಾಡು 1985ರಲ್ಲಿ ವನ್ಯಧಾಮವಾಯಿತು. ಪುಣೆ, ಠಾಣೆ, ರಾಯಗಡ ಮೂರೂ ಜಿಲ್ಲೆಗಳಲ್ಲಿ ಅದು ಹರಡಿದೆ.

ದಾರಿ ತೋರಿಸಲು ಬಂದವರು ಭೋರಗಿರಿ ಕಡೆಯ ಮಹಾದೇವ ಕೋಳಿ ಸಮುದಾಯದ ಹಿರಿಯರು. ಇಲ್ಲಿಯ ರೂಢಿಯಂತೆ ಎಲ್ಲರೂ ಅವರನ್ನು ಮಾಮಾ ಎನ್ನುತ್ತಾರೆ, ನಾವೂ ಹಾಗೇ ಕರೆದೆವು. ಹೊರಡುವ ಮೊದಲು ಮನೆಗೆ ಕರೆದು ಬೆಲ್ಲದ ಕರಿಚಹ ಕೊಟ್ಟರು. ಅಂಗಳ ತುಂಬ ಅಳಲೆಕಾಯಿ ಹರವಿದ್ದರು. ಮರಾಠಿಯಲ್ಲಿ ಇದು ಹಿರಡಾ. ಬೀಜ ಗಟ್ಟಿಯಾಗುವ ಮೊದಲೇ ಕಿತ್ತ ಎಳೆಗಾಯಿಗೆ ಬಾಳಹಿರಡಾ ಎಂಬ ಹೆಸರು, ಬೆಲೆಯೂ ಅದಕ್ಕೇ ಹೆಚ್ಚು. ಒಂದು ಮೂಲೆಯಲ್ಲಿ ಹಿಂದಿನ ದಿನ ಕಿತ್ತ ಹಸಿರು ಕಾಯಿ, ಪಕ್ಕದಲ್ಲಿ ಕಂದು ತಿರುಗಿದ್ದು, ಇನ್ನೊಂದು ಬದಿಗೆ ಪೂರ್ತಿ ಒಣಗಿ ಕಪ್ಪಾಗಿ ಸುಕ್ಕುಗಟ್ಟಿದ್ದು. ಕೈಯಲ್ಲಿ ಆಡಿಸಿದರೆ ಕಲ್ಲಿನಂತೆ ಗಲಗಲ ಎನ್ನುತ್ತಿತ್ತು. ಮಾಮಾ ಒಂದನ್ನು ಮುರಿದು ಬಾಯಿಗೆ ಹಾಕಿಕೊಳ್ಳಲು ಕೊಟ್ಟರು. ಮೊದಲು ನಾಲಗೆ ಒಗರಿನಿಂದ ಮುದುಡಿತು, ಆಮೇಲೆ ಕುಡಿದ ನೀರು ಸಿಹಿಯಾಯಿತು.

ತ್ರಿಫಲಾ ಚೂರ್ಣದ ಮೂರರಲ್ಲಿ ಒಂದು ಇದೇ ಕಾಯಿ. ಚರ್ಮ ಹದಮಾಡಲು, ಬಣ್ಣಕ್ಕೆ, ಹಿಂದೆ ಶಾಯಿಗೆ ಕೂಡ ಇದೇ ಬೇಕಿತ್ತು. ಖೇಡ, ಆಂಬೇಗಾಂವ, ಜುನ್ನರ ತಾಲೂಕುಗಳ ಗುಡ್ಡಗಾಡಿನ ಮನೆಗಳಿಗೆ ವರ್ಷದಲ್ಲಿ ಕೈಗೆ ರೊಕ್ಕ ಬರುವುದು ಮುಖ್ಯವಾಗಿ ಈ ಕಾಯಿಯಿಂದ. ಭತ್ತ, ನಾಚಣಿ (ನಮ್ಮ ರಾಗಿ) ಮನೆಯ ಊಟಕ್ಕಾಗುತ್ತದೆ. ಮಕ್ಕಳ ಶಾಲೆ, ಮದುವೆ, ಆಸ್ಪತ್ರೆಗೆ ಹಿರಡಾ.

"ಮರ ಹತ್ತುವವನು ನಾನು, ಆರಿಸುವವಳು ಇವಳು" ಎಂದು ಮಾಮಾ ಹೆಂಡತಿಯ ಕಡೆ ಕೈ ತೋರಿದರು. "ಟೊಂಗೆ ಮುರಿದು ಬಿದ್ದು ಸೊಂಟ ಮುರಿದುಕೊಂಡವರು ಪ್ರತಿ ಊರಿನಲ್ಲೂ ಸಿಗುತ್ತಾರೆ. ಬೆಲೆ ಹೇಳುವವನು ಮಾತ್ರ ವ್ಯಾಪಾರಿ. ಬೇಸಿಗೆಯಲ್ಲಿ ಒಂದು ದರ ಹೇಳುತ್ತಾನೆ, ಮಳೆ ಹನಿಯುವ ಹೊತ್ತಿಗೆ ಇನ್ನೊಂದು. ಕಾಯಿ ನೆನೆದರೆ ಬೂಸಲು ಬರುತ್ತದೆ, ಹಾಗಾಗಿ ಕೊಟ್ಟಷ್ಟಕ್ಕೆ ಕೊಡಲೇಬೇಕು."

ಅವರ ದೊಡ್ಡ ಕೊರಗು 2020ರ ಜೂನ್ 3ರದ್ದು. ಅಂದು ನಿಸರ್ಗ ಚಂಡಮಾರುತ ಕೊಂಕಣದಿಂದ ಘಟ್ಟವೇರಿ ಬಂದಾಗ ಅಜ್ಜಂದಿರ ಕಾಲದ ಅಳಲೆ ಮರಗಳು ಬುಡಸಮೇತ ಉರುಳಿದವು. ಈ ಭಾಗದ ಆದಿವಾಸಿ ರೈತರು ಆ ಮರಗಳ ಪರಿಹಾರಕ್ಕಾಗಿ ವರ್ಷಗಟ್ಟಲೆ ಹೋರಾಡಬೇಕಾಯಿತು. "ಭತ್ತ ಹೋದರೆ ಮರುವರ್ಷ ಬೆಳೆಯುತ್ತೇವೆ. ಹಿರಡಾ ಮರ ಹೋದರೆ ಮೊಮ್ಮಗ ದೊಡ್ಡವನಾಗಬೇಕು" ಅಂದರು ಮಾಮಾ. ಈ ಮಾತು ನಮ್ಮ ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಾಮಾರ ಮನೆಯ ಹಿಂದಿನ ಗೋಡೆ ಇಂದಿಗೂ ಕಾರ್ವಿಯದು. ಕಾರ್ವಿ ಈ ಕಾಡಿನ ಪೊದೆ, ಏಳೆಂಟು ವರ್ಷಕ್ಕೊಮ್ಮೆ ಗುಡ್ಡವೆಲ್ಲ ನೇರಳೆ ಬಣ್ಣವಾಗುವಂತೆ ಹೂಬಿಟ್ಟು ಸಾಯುತ್ತದೆ. ನಮ್ಮ ಚಿಕ್ಕಮಗಳೂರಿನ ಗುಡ್ಡಗಳ ಗುರಿಗೆಯ ದಾಯಾದಿ. ಅದರ ನೆಟ್ಟನೆಯ ಕಡ್ಡಿಗಳನ್ನು ಒತ್ತಾಗಿ ನಿಲ್ಲಿಸಿ, ಅಡ್ಡಪಟ್ಟಿ ಕಟ್ಟಿ, ಎರಡೂ ಕಡೆ ಮಣ್ಣು ಸಗಣಿ ಮೆತ್ತಿದರೆ ಗೋಡೆ. ಮಣ್ಣು ಉದುರಿದ ಕಡೆ ಬೆರಳು ತೂರಿಸಿ ನೋಡಿದೆ. ಕಡ್ಡಿಗಳು ಬೆರಳಗಾತ್ರದವು, ಕಪ್ಪುಗಟ್ಟಿದ್ದರೂ ಗಟ್ಟಿಯಾಗಿದ್ದವು. ಮುಂದಿನ ಗೋಡೆ ಸಿಮೆಂಟಿನದು. ಕಾರ್ವಿ ಗೋಡೆ ಕಟ್ಟಬಲ್ಲವರು ಊರಲ್ಲಿ ಈಗ ಮುದುಕರಷ್ಟೇ, ಹುಡುಗರೆಲ್ಲ ಚಾಕಣದ ಕಾರ್ಖಾನೆಗಳಿಗೆ ಹೋಗುತ್ತಾರೆ ಎಂದರು.

ಹಾದಿಯೇನೋ ಸುಲಭದ್ದೇ. ಕಡಿದಾದ ಏರು ಕಡಿಮೆ, ಮಕ್ಕಳನ್ನು ಕರೆದೊಯ್ಯಬಹುದು. ಕೊಂಕಣದ ಕಡೆಯಿಂದ, ಕರ್ಜತ ತಾಲೂಕಿನ ಖಾಂಡಸದಿಂದ ಏರುವ ದಾರಿಗಳು ಬೇರೆಯೇ ಬಗೆಯವು: ಗಣೇಶ ಘಾಟ್ ದೂರವಾದರೂ ನಡೆಯಬಹುದು, ಶಿಡಿ ಘಾಟ್‌ನಲ್ಲಿ ಬಂಡೆಗೆ ಒರಗಿಸಿದ ಏಣಿ ಹತ್ತಬೇಕು, ಅಭ್ಯಾಸವಿಲ್ಲದವರು ಅತ್ತ ಹೋಗಕೂಡದು. ಭೋರಗಿರಿ ದಾರಿಯಲ್ಲಿ ಅಪಾಯವೆಂದರೆ ಕವಲುಗಳು. ದನ ಕಾಯುವವರ, ಸೌದೆಯವರ ಹಾದಿಗಳು ಒಂದಕ್ಕೊಂದು ಕೂಡಿ ಬೇರೆಯಾಗುತ್ತವೆ, ಮಂಜು ಕವಿದರೆ ದಿಕ್ಕು ತಪ್ಪುವುದು ಖಚಿತ.

ಅರ್ಧ ದಾರಿಯಲ್ಲಿ ಮಾಮಾ ಕೈ ಎತ್ತಿ ನಿಲ್ಲಿಸಿದರು. ಮಾವಿನ ಮರದ ಮೇಲ್ಗೊಂಬೆಯಲ್ಲಿ ಶೇಕರು. ಬೆನ್ನು ಕೆಂಗಂದು, ಎದೆ ಹೊಟ್ಟೆ ತಿಳಿಬಣ್ಣ, ಮೈಗಿಂತ ಉದ್ದದ ಬಾಲ ಕೆಳಗೆ ತೂಗುತ್ತಿತ್ತು. ಮುಂಗೈಗಳಲ್ಲಿ ಕಾಯಿ ಹಿಡಿದು ತಿರುಗಿಸಿ ತಿರುಗಿಸಿ ತಿನ್ನುತ್ತ, ಸಿಪ್ಪೆಯನ್ನು ನಮ್ಮ ಮೇಲೇ ಉದುರಿಸಿತು. ಇದು ನಮ್ಮ ಘಟ್ಟಗಳಲ್ಲೂ ಇರುವ ದೊಡ್ಡ ಅಳಿಲೇ, ಇಲ್ಲಿ ಮಹಾರಾಷ್ಟ್ರದ ರಾಜ್ಯಪ್ರಾಣಿ. ವನ್ಯಧಾಮವಾದದ್ದೇ ಮುಖ್ಯವಾಗಿ ಇದಕ್ಕಾಗಿ. ಶೇಕರು ನೆಲಕ್ಕಿಳಿಯುವುದು ತೀರ ಅಪರೂಪ, ಮರದಿಂದ ಮರಕ್ಕೆ ಹಾರುತ್ತ ಬದುಕುತ್ತದೆ. ಮೇಲೆ ಕೊಂಬೆಗೆ ಕೊಂಬೆ ತಾಗಿದ ಕಾಡು ಬೇಕು. ನಡುವೆ ರಸ್ತೆ ಅಗಲವಾದರೆ, ಮರ ಬಿದ್ದರೆ, ಅದರ ಊರು ಎರಡು ಹೋಳಾಗುತ್ತದೆ.

ಇಷ್ಟೊಂದು ಕಾಡು ಉಳಿದದ್ದರಲ್ಲಿ ದೇವರಾಈಗಳ, ಅಂದರೆ ದೇವರಕಾಡುಗಳ ಪಾಲು ದೊಡ್ಡದು. ಪುಣೆಯಲ್ಲಿ ಹುಟ್ಟಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದುಡಿದ ಮಾಧವ ಗಾಡ್ಗೀಳರು ವಿ.ಡಿ. ವರ್ತಕರ ಜೊತೆ 1970ರ ದಶಕದಲ್ಲಿ ಮಹಾರಾಷ್ಟ್ರದ ದೇವರಕಾಡುಗಳನ್ನು ಸುತ್ತಿ ದಾಖಲಿಸಿದವರು. ಜನರ ಭಕ್ತಿ ಕಾಯ್ದ ಕಾಡು ಎಂಥದ್ದೆಂದು ಲೋಕಕ್ಕೆ ತಿಳಿಸಿದ ಕೆಲಸ ಅದು. ಗುಡ್ಡದ ಮೇಲಿನ ಮರ ಹೋದರೆ ಏನಾಗುತ್ತದೆಂದು ಇಲ್ಲಿಯವರಿಗೆ ಯಾರೂ ಪಾಠ ಹೇಳಬೇಕಿಲ್ಲ. ಪಕ್ಕದ ಆಂಬೇಗಾಂವ ತಾಲೂಕಿನ ಮಾಳಿಣ ಊರು 2014ರ ಜುಲೈ 30ರ ಬೆಳಗ್ಗೆ ಗುಡ್ಡ ಕುಸಿದು ಮಣ್ಣಿನಡಿ ಸೇರಿತು. ಸತ್ತವರು 150ಕ್ಕೂ ಹೆಚ್ಚು. ಮಾಮಾ ಆ ಹೆಸರು ಹೇಳಿ ಮುಂದೆ ಮಾತಾಡಲಿಲ್ಲ.

ಮೇಲೇರಿದಂತೆ ಗುಪ್ತ ಭೀಮಾಶಂಕರ ಸಿಗುತ್ತದೆ. ಹಳ್ಳದ ಬಂಡೆಯ ಕೆಳಗೆ ಸಣ್ಣ ಲಿಂಗ. ಮಳೆಗಾಲದಲ್ಲಿ ಅದರ ಮೇಲೆ ಜಲಪಾತ ಸುರಿಯುತ್ತದೆ, ಅಂದು ತೇವ ಮಾತ್ರ ಇತ್ತು. ಆ ತೇವದ ಸುತ್ತ ನೀರಿನ ಬಾಟಲಿ, ಚಿಪ್ಸ್ ಚೀಟಿ, ಅಗರಬತ್ತಿಯ ಪೊಟ್ಟಣ, ಹರಿದ ಮಳೆ ಅಂಗಿ. ಮೂಲದಲ್ಲೇ ಹೀಗಾದರೆ ಗಾಣಗಾಪುರದಲ್ಲಿ ಮುಳುಗೇಳುವವರ ಗತಿ ಏನು? ವರ್ಷಕ್ಕೆ ಸುಮಾರು ಮೂರು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಈ ಗುಡ್ಡಗಳ ಹೆಂಗಸರು ಬೇಸಿಗೆಯಲ್ಲಿ ಕೊಡ ಹೊತ್ತು ದೂರ ನಡೆಯುತ್ತಾರೆ. ಕಪ್ಪುಕಲ್ಲಿನ ಗುಡ್ಡ ನೀರನ್ನು ಹಿಡಿದಿಡುವುದಿಲ್ಲ, ಹಿಡಿಯುವುದು ಕಾಡಿನ ಬುಡದ ಮಣ್ಣು. ಆ ಮಣ್ಣನ್ನು ಕಾಯುತ್ತಿರುವವರು ಭೋರಗಿರಿಯಂಥ ಊರಿನವರು.

ವಾಕಡದವರಿಗೆ ಇನ್ನೂ ಒಂದು ನಂಟಿದೆ. ನಮ್ಮ ಅಪಾರ್ಟ್‌ಮೆಂಟುಗಳ ಪಕ್ಕದ ಮುಳಾ ನದಿ ಪುಣೆಯಲ್ಲಿ ಮುಠೆಯನ್ನು ಕೂಡಿ, ದೌಂಡ ತಾಲೂಕಿನಲ್ಲಿ ಇದೇ ಭೀಮೆಗೆ ಬೀಳುತ್ತದೆ. ನಾವು ಬಚ್ಚಲಿಗೆ ಬಿಟ್ಟದ್ದು ಕೊನೆಗೆ ಹೋಗುವುದು ನಮ್ಮ ಊರಿನ ಕಡೆಗೇ.

ಹೋಗುವವರಿಗೆ ನನ್ನ ಮಾತು ಇಷ್ಟು. ಮಹಾಶಿವರಾತ್ರಿ, ಶ್ರಾವಣ ಸೋಮವಾರ, ಮಳೆಗಾಲದ ವಾರಾಂತ್ಯ ಬೇಡ. ಜೋರು ಮಳೆಯ ದಿನಗಳಲ್ಲಿ ಅರಣ್ಯ ಇಲಾಖೆ ಕೆಲವು ಹಾದಿ, ಜಲಪಾತಗಳನ್ನು ಮುಚ್ಚುತ್ತದೆ, ಹೊರಡುವ ಮುನ್ನ ವಿಚಾರಿಸಿ. ಅಕ್ಟೋಬರಿನಿಂದ ಫೆಬ್ರವರಿವರೆಗೆ ನಡಿಗೆಗೆ ಒಳ್ಳೆಯ ಕಾಲ. ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ, ಅವರು ಕೇಳಿದಷ್ಟು ಚೌಕಾಸಿಯಿಲ್ಲದೆ ಕೊಡಿ, ಊಟ ಅವರ ಮನೆಯಲ್ಲೇ ಮಾಡಿ. ಒಣಗಿದ ಅಳಲೆಕಾಯಿ ಇದ್ದರೆ ಒಂದೆರಡು ಕಿಲೋ ನೇರವಾಗಿ ಅವರಿಂದಲೇ ಕೊಂಡು ತನ್ನಿ. ತೆಗೆದುಕೊಂಡು ಹೋದ ಪ್ಲಾಸ್ಟಿಕ್ಕನ್ನು ವಾಪಸ್ ತನ್ನಿ. ನಡೆದು ಮೇಲೇರಿದವರು ಮತ್ತೆ ಇಳಿಯಬೇಕಾಗಿಲ್ಲ, ಭೀಮಾಶಂಕರದಿಂದ ಪುಣೆಗೆ ಎಸ್‌ಟಿ ಬಸ್ಸುಗಳಿವೆ.