ಶಾಲೆಯ ಗಣಕಯಂತ್ರ ಮತ್ತು ಸಿಬ್ಬಂದಿಯ ಹೊಣೆ

ಶಾಲೆಯೆಂಬುದು ಕೇವಲ ಪಾಠಪ್ರವಚನಗಳ ಸ್ಥಾನವಲ್ಲ. ನೂರಾರು ಮನೆತನಗಳ ವಿವರಗಳನ್ನು ಕಾದಿಡುವ ಭಂಡಾರವೂ ಅದೇ ಆಗಿದೆ. ಮಗುವಿನ ಹೆಸರು, ಹುಟ್ಟಿದ ದಿನ, ತಂದೆತಾಯಿಗಳ ಹೆಸರು, ಜಾತಿ, ಊರು, ಪಡೆದ ಅಂಕಗಳು, ಶಾಲೆ ಬಿಟ್ಟ ಕಾರಣ ಇವೆಲ್ಲವೂ ದಾಖಲಾತಿ ಪುಸ್ತಕದಲ್ಲಿ ಅಡಕವಾಗಿರುತ್ತವೆ. ಆ ಪುಸ್ತಕವನ್ನು ಕಬ್ಬಿಣದ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಮುಖ್ಯೋಪಾಧ್ಯಾಯರು ತಮ್ಮ ವಶದಲ್ಲಿಯೇ ಇರಿಸಿಕೊಳ್ಳುವುದು ಬಹುಕಾಲದಿಂದ ನಡೆದುಬಂದ ಪದ್ಧತಿ. ಶಾಲೆಯ ಮೊಹರನ್ನು ಅವರು ಎಂತಹ ಆಪ್ತರಿಗೂ ಎರವಲಾಗಿ ಕೊಡುತ್ತಿರಲಿಲ್ಲ. ವರ್ಗಾವಣೆ ಪತ್ರಕ್ಕೆ ಸಹಿ ಹಾಕುವ ಮುನ್ನ ಮೂಲ ಪುಸ್ತಕದೊಡನೆ ತಾಳೆ ನೋಡುತ್ತಿದ್ದರು. ಇದಕ್ಕಾಗಿ ಯಾರೂ ನಿಯಮಾವಳಿಯನ್ನು ಅಚ್ಚು ಹಾಕಿಸಿ ಹಂಚಿದವರಲ್ಲ, ನಡೆವಳಿಕೆಯೇ ನಿಯಮವಾಗಿದ್ದಿತು.

ಈಗ ಕಾಲ ಬದಲಾಗಿದೆ. ೧೯೯೫ರ ಆಗಸ್ಟ್ ೧೫ರಂದು ಭಾರತದಲ್ಲಿ ಅಂತರಜಾಲ ಸೇವೆ ಸಾರ್ವಜನಿಕರಿಗೆ ಮೊದಲ ಬಾರಿಗೆ ದೊರೆಯಿತು. ಅಂದು ಅದು ಮಹಾನಗರಗಳ ಕೆಲವರಿಗೆ ಮಾತ್ರ ಎಟುಕುವ ವಸ್ತುವಾಗಿತ್ತು. ಇಂದು ಹಳ್ಳಿಯ ಶಾಲೆಯೂ ಅದರ ಹೊರಗುಳಿದಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳ ವಿವರಗಳು ‘ಸ್ಯಾಟ್ಸ್’ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ದಾಖಲಾಗುತ್ತವೆ. ಕೇಂದ್ರ ಸರ್ಕಾರದ ‘ಯುಡೈಸ್ ಪ್ಲಸ್’ ವ್ಯವಸ್ಥೆಗೂ ಮಾಹಿತಿ ತುಂಬಬೇಕು. ವಿದ್ಯಾರ್ಥಿಗೆ ಹನ್ನೆರಡು ಅಂಕಿಗಳ ‘ಅಪಾರ್’ ಸಂಖ್ಯೆಯನ್ನು ಪಾಲಕರ ಒಪ್ಪಿಗೆ ಪಡೆದು ಮಾಡಿಸುವ ಕೆಲಸವೂ ಶಾಲೆಯ ಮೇಲೆಯೇ ಬಿದ್ದಿದೆ. ಬೀರುವಿನ ಸ್ಥಾನವನ್ನು ಕಣ್ಣಿಗೆ ಕಾಣದ ಜಾಲವು ಆಕ್ರಮಿಸಿದೆ. ಬೀಗದ ಕೈಯ ಸ್ಥಾನದಲ್ಲಿ ಪಾಸ್‌ವರ್ಡ್ ಬಂದು ನಿಂತಿದೆ.

ಆದರೆ ಬೀಗದ ಕೈಯ ಬಗೆಗೆ ಇದ್ದ ಎಚ್ಚರ ಪಾಸ್‌ವರ್ಡಿನ ಬಗೆಗೆ ಇನ್ನೂ ಮೂಡಿಲ್ಲವೆಂಬುದನ್ನು ವಿಷಾದದಿಂದ ಹೇಳಬೇಕಾಗಿದೆ. ಮೇಜಿನ ಗಾಜಿನಡಿಯಲ್ಲಿ ಪಾಸ್‌ವರ್ಡ್ ಬರೆದ ಚೀಟಿ ಇರುತ್ತದೆ. ಒಂದೇ ಪಾಸ್‌ವರ್ಡ್ ನಾಲ್ಕಾರು ಜನರ ಬಾಯಲ್ಲಿರುತ್ತದೆ. ಗಡುವಿನ ದಿನ ಸಮೀಪಿಸಿದಾಗ ಅದನ್ನು ಸೈಬರ್ ಅಂಗಡಿಯವರ ಕೈಗೆ ಕೊಟ್ಟು ಕೆಲಸ ಮುಗಿಸಿಕೊಳ್ಳುವುದೂ ಉಂಟು. ಮೊಹರನ್ನು ಎರವಲು ಕೊಡದವರು ಮೊಹರಿಗಿಂತ ಹೆಚ್ಚಿನ ಬಲವುಳ್ಳ ವಸ್ತುವನ್ನು ನಿಶ್ಚಿಂತೆಯಿಂದ ಕೊಡುತ್ತಿದ್ದಾರೆ. ಆದುದರಿಂದ ಶಾಲಾ ಸಿಬ್ಬಂದಿಯು ಗಣಕಯಂತ್ರವನ್ನೂ ಅಂತರಜಾಲವನ್ನೂ ಹೇಗೆ ಬಳಸಬೇಕೆಂಬುದಕ್ಕೆ ಬರೆದಿಟ್ಟ ನಿಯಮಗಳು ಬೇಕಾಗಿವೆ. ನಮ್ಮ ವಾಚಕರಲ್ಲಿ ಪಾಲಕರಿದ್ದಾರೆ, ಶಿಕ್ಷಕರಿದ್ದಾರೆ, ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಯಲ್ಲಿ ಕುಳಿತವರೂ ಇದ್ದಾರೆ. ಈ ಮೂವರಿಗೂ ಸಂಬಂಧಿಸಿದ ವಿಚಾರವಿದು.

ಕಾನೂನು ಏನನ್ನು ಹೇಳುತ್ತದೆ?

ವ್ಯಕ್ತಿಯ ಖಾಸಗಿತನವು ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ೨೦೧೭ರ ಆಗಸ್ಟ್ ೨೪ರಂದು ಏಕಕಂಠದಿಂದ ತೀರ್ಪಿತ್ತಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರೆಂಬುದು ಕನ್ನಡಿಗರು ನೆನೆಯತಕ್ಕ ಸಂಗತಿ. ಮರುವರ್ಷ, ೨೦೧೮ರ ಸೆಪ್ಟೆಂಬರ್ ೨೬ರ ಆಧಾರ್ ತೀರ್ಪಿನಲ್ಲಿ, ಶಾಲೆಗೆ ಮಗುವನ್ನು ಸೇರಿಸಿಕೊಳ್ಳಲು ಆಧಾರ್ ಕಡ್ಡಾಯವಲ್ಲವೆಂದು ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು. ಮಗುವಿನ ವಿವರ ಮಗುವಿಗೆ ಸೇರಿದ್ದು. ಶಾಲೆ ಅದರ ಒಡೆಯನಲ್ಲ, ಕಾವಲುಗಾರ ಮಾತ್ರ. ಈ ತತ್ತ್ವವು ಇಂತಹ ತೀರ್ಪುಗಳ ಹಿನ್ನೆಲೆಯಲ್ಲಿ ಗಟ್ಟಿಗೊಂಡಿದೆ.

೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ವರ್ಷ ತುಂಬದವರೆಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಅವರ ವಿವರಗಳನ್ನು ಬಳಸಲು ಪಾಲಕರ ಒಪ್ಪಿಗೆ ಬೇಕೆಂಬುದು ಅದರ ಸಾಮಾನ್ಯ ನಿಯಮ. ಮಕ್ಕಳ ವಿಷಯದ ಕರ್ತವ್ಯಗಳಲ್ಲಿ ತಪ್ಪಿದ ಸಂಸ್ಥೆಗೆ ೨೦೦ ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಈ ಕಾಯಿದೆಯ ನಿಯಮಗಳು ೨೦೨೫ರ ನವೆಂಬರ್‌ನಲ್ಲಿ ಪ್ರಕಟವಾದವು. ಸಂಸ್ಥೆಗಳು ಸಿದ್ಧರಾಗಲೆಂದು ಮುಖ್ಯ ಕರ್ತವ್ಯಗಳ ಜಾರಿಗೆ ಹದಿನೆಂಟು ತಿಂಗಳ ಅವಧಿಯನ್ನು ಇಡಲಾಯಿತು. ಇನ್ನು ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯ ೬೬ಸಿ ಕಲಮಿನಂತೆ, ಪರರ ಪಾಸ್‌ವರ್ಡನ್ನು ಮೋಸದಿಂದ ಅಥವಾ ಅಪ್ರಾಮಾಣಿಕವಾಗಿ ಬಳಸಿದವರಿಗೆ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ೧ ಲಕ್ಷ ರೂಪಾಯಿಗಳವರೆಗೆ ದಂಡವಿದೆ. ಕಾನೂನಿನ ಭಯ ಹುಟ್ಟಿಸುವುದು ನಮ್ಮ ಉದ್ದೇಶವಲ್ಲ. ಕೆಲಸದ ಗಡಿಬಿಡಿಯಲ್ಲಿ ಆಗುವ ಅಲಕ್ಷ್ಯಕ್ಕೂ ತೂಕವಿದೆಯೆಂದು ತಿಳಿಸುವುದಷ್ಟೇ ಉದ್ದೇಶ.

ಅಮೆರಿಕೆಯ ಅನುಭವ

ಇಂತಹ ನಿಯಮಗಳನ್ನು ನಮಗಿಂತ ಮೊದಲು ರೂಪಿಸಿಕೊಂಡ ದೇಶ ಅಮೆರಿಕೆ. ವಿದ್ಯಾರ್ಥಿಯ ದಾಖಲೆಗಳನ್ನು ನೋಡುವ ಹಕ್ಕು ಪಾಲಕರಿಗಿದೆ, ಅವರ ಒಪ್ಪಿಗೆಯಿಲ್ಲದೆ ಅವನ್ನು ಸಾಮಾನ್ಯವಾಗಿ ಪರರಿಗೆ ಕೊಡಲಾಗದು ಎಂಬ ಕಾನೂನು ಅಲ್ಲಿ ೧೯೭೪ರಲ್ಲಿಯೇ ಆಯಿತು. ೨೦೦೦ದಲ್ಲಿ ಬಂದ ಮಕ್ಕಳ ಅಂತರಜಾಲ ರಕ್ಷಣಾ ಕಾಯಿದೆಯಂತೆ, ಅಂತರಜಾಲಕ್ಕಾಗಿ ಸರ್ಕಾರದ ರಿಯಾಯಿತಿ ಪಡೆಯುವ ಶಾಲೆಗಳು ಅಶ್ಲೀಲ ಚಿತ್ರಗಳನ್ನು ತಡೆಯುವ ಏರ್ಪಾಡು ಮಾಡಬೇಕು. ಸುರಕ್ಷತೆಯ ನೀತಿಯೊಂದನ್ನು ಬರೆಯಬೇಕು. ಆ ನೀತಿಯನ್ನು ಅಂಗೀಕರಿಸುವ ಮುನ್ನ ಊರವರಿಗೆ ತಿಳಿಸಿ ಒಂದು ಸಾರ್ವಜನಿಕ ಸಭೆಯನ್ನಾದರೂ ನಡೆಸಬೇಕು. ಈ ಕೊನೆಯ ಮಾತು ಮನನೀಯವಾಗಿದೆ. ಅಲ್ಲಿಯ ಅನೇಕ ಶಾಲಾ ಆಡಳಿತಗಳು ತಮ್ಮ ಸಿಬ್ಬಂದಿಯಿಂದ ಬಳಕೆಯ ನಿಯಮಗಳಿಗೆ ಸಹಿ ಪಡೆಯುತ್ತವೆ. ಶಾಲೆಯ ಜಾಲದಲ್ಲಿ ಮಾಡಿದ ಕೆಲಸವನ್ನು ಆಡಳಿತವು ನೋಡಬಹುದೆಂಬುದನ್ನೂ ಅದರಲ್ಲಿ ಮುಂಚಿತವಾಗಿಯೇ ತಿಳಿಸಿರುತ್ತಾರೆ.

ಇಷ್ಟೆಲ್ಲ ಇದ್ದರೂ ಅಲ್ಲಿ ಅನಾಹುತ ತಪ್ಪಲಿಲ್ಲ. ಅನೇಕ ಶಾಲೆಗಳ ವಿದ್ಯಾರ್ಥಿ ದಾಖಲೆಗಳನ್ನು ನಿರ್ವಹಿಸುವ ಪವರ್‌ಸ್ಕೂಲ್ ಎಂಬ ಕಂಪನಿಯ ವ್ಯವಸ್ಥೆಯೊಳಗೆ ೨೦೨೪ರ ಡಿಸೆಂಬರ್‌ನಲ್ಲಿ ಕಳ್ಳರು ಹೊಕ್ಕರು. ಗೋಡೆ ಒಡೆದು ಹೊಕ್ಕದ್ದಲ್ಲ. ಕದ್ದ ಪಾಸ್‌ವರ್ಡಿನಿಂದ ಬಾಗಿಲು ತೆರೆದೇ ಹೊಕ್ಕರು. ೬ ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ, ೧ ಕೋಟಿ ಶಿಕ್ಷಕರ ವಿವರಗಳನ್ನು ಬಯಲು ಮಾಡುವ ಬೆದರಿಕೆ ಬಂದಿತೆಂದು ಅಲ್ಲಿಯ ಸರ್ಕಾರಿ ವಕೀಲರು ತಿಳಿಸಿದರು. ಕಂಪನಿ ಹಣ ತೆತ್ತಿತು. ಆದರೂ ೨೦೨೫ರ ಮೇ ತಿಂಗಳಲ್ಲಿ ಶಾಲೆಗಳಿಗೆ ನೇರವಾಗಿ ಬೆದರಿಕೆಗಳು ಬರತೊಡಗಿದವು. ಶಿಕ್ಷೆಗೆ ಗುರಿಯಾದವನು ಕೃತ್ಯದ ಕಾಲಕ್ಕೆ ಹತ್ತೊಂಬತ್ತರ ವಯಸ್ಸಿನ ಆಸುಪಾಸಿನಲ್ಲಿದ್ದ ಒಬ್ಬ ಕಾಲೇಜು ವಿದ್ಯಾರ್ಥಿ! ಬೆಲೆಬಾಳುವ ಯಂತ್ರಗಳೆಲ್ಲವೂ ಒಂದು ಪಾಸ್‌ವರ್ಡಿನ ಮುಂದೆ ನಿರುಪಯುಕ್ತವಾದವು. ಕದ್ದ ವಸ್ತುವನ್ನು ಹಿಂದಕ್ಕೆ ಪಡೆಯಬಹುದು. ಬಯಲಾದ ವಿವರವನ್ನು ಹಿಂದಕ್ಕೆ ಪಡೆಯಲಾಗದು. ಇದೇ ಇದರಿಂದ ಕಲಿಯಬೇಕಾದ ಪಾಠ.

ಸಿಬ್ಬಂದಿಗೆ ಇರಬೇಕಾದ ನಿಯಮಗಳು

ನಿಯಮಗಳು ಬಹಳವಾದಷ್ಟೂ ಪಾಲನೆ ಕಡಿಮೆಯಾಗುತ್ತದೆ. ಆದುದರಿಂದ ಆರೇ ನಿಯಮಗಳನ್ನು ನಾವು ಇಲ್ಲಿ ಸೂಚಿಸುತ್ತೇವೆ.

ಮೊದಲನೆಯದು, ಪಾಸ್‌ವರ್ಡಿನ ಶುಚಿತ್ವ. ಶಾಲೆಯ ಕೆಲಸ ಮಾಡುವ ಪ್ರತಿಯೊಬ್ಬರಿಗೂ, ವ್ಯವಸ್ಥೆ ಅವಕಾಶ ಕೊಡುವಲ್ಲೆಲ್ಲ, ಪ್ರತ್ಯೇಕ ಪಾಸ್‌ವರ್ಡ್ ಇರಬೇಕು. ಅದನ್ನು ಸಹೋದ್ಯೋಗಿಗಾಗಲಿ ಮನೆಯವರಿಗಾಗಲಿ ಹೇಳಕೂಡದು. ಮೊಬೈಲಿಗೆ ಬರುವ ಓಟಿಪಿಯನ್ನು ಯಾರು ಕೇಳಿದರೂ, ಇಲಾಖೆಯ ಅಧಿಕಾರಿಯೆಂದು ಹೇಳಿಕೊಂಡು ಕೇಳಿದರೂ, ಕೊಡಕೂಡದು. ನೌಕರರು ವರ್ಗವಾದ ದಿನ ಬೀಗದ ಕೈ ಒಪ್ಪಿಸುವಂತೆಯೇ ಪಾಸ್‌ವರ್ಡನ್ನೂ ಬದಲಾಯಿಸಬೇಕು.

ಎರಡನೆಯದು, ವಿವರಗಳ ಮಿತಿ. ಕೆಲಸಕ್ಕೆ ಬೇಕಾದಷ್ಟೇ ವಿವರವನ್ನು ತೆರೆಯಬೇಕು, ಕುತೂಹಲಕ್ಕಾಗಿ ತೆರೆಯಕೂಡದು. ನೆರೆಯವರ ಮಗಳ ಅಂಕಗಳೆಷ್ಟು, ಇಂಥವರ ಆದಾಯವೆಷ್ಟು ಎಂದು ಹುಡುಕುವುದು ಪರರ ಪೆಟ್ಟಿಗೆಯನ್ನು ಕದ್ದು ನೋಡಿದಂತೆಯೇ ಸರಿ. ಮಕ್ಕಳ ಪಟ್ಟಿಯನ್ನು ಸ್ವಂತ ಪೆನ್‌ಡ್ರೈವಿಗೆ ಇಳಿಸಿಕೊಂಡು ಮನೆಗೆ ಒಯ್ಯುವುದೂ, ಟ್ಯೂಷನ್ ನಡೆಸುವವರಿಗೆ ಫೋನ್ ಸಂಖ್ಯೆಗಳನ್ನು ಕೊಡುವುದೂ ಸಲ್ಲದು.

ಮೂರನೆಯದು, ಚಿತ್ರಗಳ ವಿಷಯ. ಶಾಲೆಯ ಸಮಾರಂಭದ ಚಿತ್ರಗಳನ್ನು ವಾಟ್ಸ್‌ಆ್ಯಪ್ ಅಥವಾ ಫೇಸ್‌ಬುಕ್ಕಿನಲ್ಲಿ ಹಾಕುವ ಉತ್ಸಾಹ ಈಗ ಎಲ್ಲೆಡೆ ಕಾಣುತ್ತದೆ. ಪಾಲಕರ ಒಪ್ಪಿಗೆಯಿಲ್ಲದೆ ಮಗುವಿನ ಮುಖವನ್ನೂ ಹೆಸರನ್ನೂ ಜೊತೆಯಾಗಿ ಪ್ರಕಟಿಸಬಾರದು. ಬಡ ಮಗುವಿಗೆ ಸಮವಸ್ತ್ರ ಕೊಟ್ಟ ಚಿತ್ರದಲ್ಲಿ ದಾನಿಯ ಮುಖ ಅರಳಿರುತ್ತದೆ, ಮಗುವಿನ ತಲೆ ತಗ್ಗಿರುತ್ತದೆ. ಆ ಚಿತ್ರ ಮಗು ದೊಡ್ಡದಾದ ಮೇಲೂ ಉಳಿಯುತ್ತದೆಂಬುದನ್ನು ಮರೆಯಬಾರದು. ದೌರ್ಜನ್ಯಕ್ಕೆ ಒಳಗಾದ ಮಗುವಿನ ಗುರುತು ಹೊರಬೀಳುವುದನ್ನಂತೂ ೨೦೧೨ರ ಪೋಕ್ಸೋ ಕಾಯಿದೆಯೂ ೨೦೧೫ರ ಬಾಲನ್ಯಾಯ ಕಾಯಿದೆಯೂ ನಿಷೇಧಿಸಿವೆ. ನಪಾಸಾದವರ ಪಟ್ಟಿಯನ್ನು ಗುಂಪಿನಲ್ಲಿ ಹಾಕುವುದು ಅಂಕಗಳ ತಿಳಿವಳಿಕೆಯಲ್ಲ, ಅವಮಾನದ ಡಂಗುರ.

ನಾಲ್ಕನೆಯದು, ವಿದ್ಯಾರ್ಥಿಯೊಡನೆ ಮಾತುಕತೆ. ಶಿಕ್ಷಕರು ವಿದ್ಯಾರ್ಥಿಗೆ ಕಳುಹಿಸುವ ಸಂದೇಶ ಪಾಲಕರೂ ಓದಬಹುದಾದ ಸಂದೇಶವಾಗಿರಬೇಕು. ಪಾಲಕರೋ ಇನ್ನೊಬ್ಬ ಶಿಕ್ಷಕರೋ ಇರುವ ಗುಂಪಿನಲ್ಲಿಯೇ ಅದನ್ನು ಕಳುಹಿಸುವುದು ಉತ್ತಮ. ಹೊತ್ತಲ್ಲದ ಹೊತ್ತಿನಲ್ಲಿ ಖಾಸಗಿ ಸಂಭಾಷಣೆ ಕೂಡದು. ಇದು ಮಗುವಿಗೂ ರಕ್ಷಣೆ, ನಿರಪರಾಧಿ ಶಿಕ್ಷಕರಿಗೂ ರಕ್ಷಣೆ.

ಐದನೆಯದು, ಯಂತ್ರದ ಬಳಕೆ. ಶಾಲೆಯ ಗಣಕಯಂತ್ರವು ಶಾಲೆಯ ಕಾಯಕಕ್ಕೆ ಮೀಸಲು. ಸ್ವಂತ ವ್ಯಾಪಾರ, ಚುನಾವಣಾ ಪ್ರಚಾರ, ಜೂಜು, ಅಶ್ಲೀಲ ವೀಕ್ಷಣೆ ಇವು ಸರ್ವಥಾ ವರ್ಜ್ಯ. ಮಕ್ಕಳ ಅಶ್ಲೀಲ ಚಿತ್ರಗಳನ್ನು ಹಂಚುವುದಷ್ಟೇ ಅಲ್ಲ, ಹುಡುಕುವುದೂ ಇಳಿಸಿಕೊಳ್ಳುವುದೂ ೬೭ಬಿ ಕಲಮಿನಂತೆ ಅಪರಾಧ. ಕಳ್ಳಪ್ರತಿಯ ತಂತ್ರಾಂಶವನ್ನು ಹಾಕಿಕೊಂಡರೆ ಅದರೊಡನೆ ವೈರಸ್ ಸಹ ಒಳಬರಬಹುದು.

ಆರನೆಯದು, ಮುಚ್ಚಿಡದಿರುವುದು. ಅನುಮಾನದ ಕೊಂಡಿಯನ್ನು ಒತ್ತಿದ್ದಾದರೆ, ಫೋನ್ ಕಳೆದುಹೋದರೆ, ಪಾಸ್‌ವರ್ಡ್ ಸೋರಿದೆಯೆಂಬ ಶಂಕೆ ಬಂದರೆ ಆ ದಿನವೇ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಹಣದ ವಂಚನೆಯಾದಲ್ಲಿ ೧೯೩೦ ಸಂಖ್ಯೆಗೆ ತಡಮಾಡದೆ ಕರೆ ಮಾಡಬೇಕು. ಮಗುವಿಗೆ ಅಪಾಯವೆನಿಸಿದಲ್ಲಿ ೧೦೯೮ ಸಹಾಯವಾಣಿಯಿದೆ.

ಆಡಳಿತ ಮಂಡಳಿಯ ಹೊಣೆ

ಇಷ್ಟನ್ನು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ಅದು ನೌಕರರಿಗೆ ಮಾಡುವ ಅನ್ಯಾಯವಾದೀತು. ನಿಯಮವೆಂಬುದು ಕೆಳಗಿನವರಿಗೆ ಮಾತ್ರ ಹಾಕುವ ಬೇಲಿಯಲ್ಲ. ಶಾಲೆಗೊಂದೇ ಗಣಕಯಂತ್ರ ಕೊಟ್ಟು, ನಾಳೆಯೊಳಗೆ ಎಲ್ಲ ಮಕ್ಕಳ ವಿವರ ತುಂಬಿಸಿರೆಂದು ಆಜ್ಞಾಪಿಸಿದರೆ ಗುಮಾಸ್ತರು ಸೈಬರ್ ಅಂಗಡಿಗೆ ಓಡದೆ ಏನು ಮಾಡಿಯಾರು? ಹಾಗೆ ಓಡಿದವರನ್ನೇ ಬಳಿಕ ತಪ್ಪಿತಸ್ಥರೆಂದು ನಿಲ್ಲಿಸುವುದು ಧರ್ಮವಲ್ಲ. ೨೦೨೩ರ ಕಾಯಿದೆಯೂ ದತ್ತಾಂಶ ರಕ್ಷಣೆಯ ಹೊಣೆಯನ್ನು ಮುಖ್ಯವಾಗಿ ಸಂಸ್ಥೆಯ ಮೇಲೆ ಹೊರಿಸಿದೆಯೇ ಹೊರತು ಗುಮಾಸ್ತರ ಮೇಲಲ್ಲ.

ಆದುದರಿಂದ ಆಡಳಿತ ಮಂಡಳಿಯು ಮೊದಲು ಸಾಧನವನ್ನೂ ತರಬೇತಿಯನ್ನೂ ಒದಗಿಸಬೇಕು. ಅನಂತರ ಸಹಿ ಕೇಳಬೇಕು. ನಿಯಮಗಳು ಕನ್ನಡದಲ್ಲಿರಬೇಕು, ಜವಾನರಿಂದ ಪ್ರಾಚಾರ್ಯರವರೆಗೆ, ಮಂಡಳಿಯ ಸದಸ್ಯರನ್ನೂ ಸೇರಿಸಿ, ಎಲ್ಲರಿಗೂ ಒಂದೇ ಆಗಿರಬೇಕು. ಶಾಲೆಯ ಜಾಲವನ್ನು ಪರಿಶೀಲಿಸುವುದಾದರೆ ಮೊದಲೇ ತಿಳಿಸಬೇಕು. ನೌಕರರ ಸ್ವಂತ ಫೋನನ್ನು ಕಸಿದು ನೋಡುವ ಅಧಿಕಾರ ತಮಗಿದೆಯೆಂದು ಭಾವಿಸಬಾರದು. ಶಿಕ್ಷಕಿಯರ ಸ್ವಂತ ಫೋನ್ ಸಂಖ್ಯೆಯನ್ನು ಪಾಲಕರ ಗುಂಪುಗಳಿಗೆಲ್ಲ ಹಂಚಿ, ನಡುರಾತ್ರಿಯ ಕರೆಗಳನ್ನು ಅವರು ಸಹಿಸಲೆಂದು ಬಿಡುವುದು ಅನುಚಿತ. ಶಾಲೆಯ ಹೆಸರಿನಲ್ಲಿಯೇ ಒಂದು ಸಂಖ್ಯೆಯನ್ನು ಪಡೆದಿಟ್ಟರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ.

ನೌಕರರು ಅಂತರಜಾಲದಲ್ಲಿ ಬರೆದ ಪ್ರತಿಯೊಂದು ಅಭಿಪ್ರಾಯವನ್ನೂ ಅಪರಾಧವೆಂದು ಕಾಣುವುದು ಸಹ ಸರಿಯಲ್ಲ. ಇತರರಿಗೆ ಕಿರಿಕಿರಿಯಾಗುವ ಬರಹವನ್ನೂ ಅಪರಾಧವಾಗಿಸಿದ್ದ ೬೬ಎ ಕಲಮನ್ನು ಸುಪ್ರೀಂ ಕೋರ್ಟ್ ೨೦೧೫ರ ಮಾರ್ಚ್ ೨೪ರಂದು ರದ್ದುಗೊಳಿಸಿತು. ಸೇವಾ ನಿಯಮಗಳ ಕಟ್ಟುಪಾಡು ನೌಕರರಿಗೆ ಇದ್ದೇ ಇದೆ. ಆದರೆ ಮಕ್ಕಳ ಗುಟ್ಟನ್ನು ಹೊರಗೆಡಹುವುದು ಬೇರೆ, ಕುಡಿಯುವ ನೀರಿಲ್ಲವೆಂದು ದೂರುವುದು ಬೇರೆ. ಈ ವಿವೇಕ ಇಲ್ಲದಲ್ಲಿ ನಿಯಮಾವಳಿಯು ಬಾಯಿ ಕಟ್ಟುವ ಬಟ್ಟೆಯಾಗುತ್ತದೆ.

ಪಾಲಕರಲ್ಲಿ ವಿನಂತಿ

ಕಡೆಯದಾಗಿ ಪಾಲಕ ಬಂಧುಗಳಲ್ಲಿ ಒಂದು ಮಾತು. ಪ್ರವೇಶದ ಅರ್ಜಿಯಲ್ಲಿ ಕೇಳಿದ ಪ್ರತಿಯೊಂದು ವಿವರವೂ ಏತಕ್ಕೆಂದು ವಿಚಾರಿಸಿರಿ. ಒಪ್ಪಿಗೆಯ ಪತ್ರವನ್ನು ಓದಿ ಸಹಿ ಮಾಡಿರಿ. ನಿಮ್ಮ ಶಾಲೆಯಲ್ಲಿ ಬರೆದಿಟ್ಟ ನಿಯಮಗಳುಂಟೇ ಎಂದು ಪಾಲಕರ ಸಭೆಯಲ್ಲಿ ವಿನಯದಿಂದ ಕೇಳಿರಿ. ಇಲ್ಲವಾದಲ್ಲಿ ಸಭೆಯಲ್ಲಿಯೇ ಓದಿ ಅಂಗೀಕರಿಸುವಂತೆ ಒತ್ತಾಯಿಸಿರಿ. ಹಾಗೆಯೇ ಶಿಕ್ಷಕರಿಗೆ ರಾತ್ರಿಯಲ್ಲಿ ಸಂದೇಶ ಕಳುಹಿಸುವುದನ್ನೂ, ಇತರರ ಮಕ್ಕಳ ಅಂಕಗಳನ್ನು ವಿಚಾರಿಸುವುದನ್ನೂ ನೀವೂ ಬಿಡಿರಿ.

ಮಗುವನ್ನು ಶಾಲೆಯ ಬಾಗಿಲಲ್ಲಿ ಬಿಟ್ಟು ಹಿಂದಿರುಗುವ ತಾಯಿ ಮಗುವಿನೊಡನೆ ಮನೆಯ ಮಾನವನ್ನೂ ಶಾಲೆಯ ಕೈಗೆ ಒಪ್ಪಿಸಿ ಬರುತ್ತಾಳೆ. ಅದನ್ನು ಹಿಂದೆ ಒಂದು ಕಬ್ಬಿಣದ ಬೀಗ ಕಾಯುತ್ತಿತ್ತು. ಇಂದು ಅದನ್ನು ಕಾಯಬೇಕಾದುದು ಗಣಕಯಂತ್ರದ ಮುಂದೆ ಕುಳಿತವರ ಸಂಯಮ. ಆ ಸಂಯಮಕ್ಕೆ ಆಸರೆಯಾಗಿ ಆರು ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಲು ಹಣ ಬೇಕಿಲ್ಲ. ಬರುವ ಶೈಕ್ಷಣಿಕ ವರ್ಷದ ಮೊದಲ ಸಭೆಯಲ್ಲಿ ಒಂದು ಗಂಟೆಯ ಕಾಲ ಸಾಕು. ನಮ್ಮ ವಿದ್ಯಾಸಂಸ್ಥೆಗಳು ಈ ಕೆಲಸಕ್ಕೆ ಮುಂದಾಗಲೆಂದು ಆಶಿಸುತ್ತೇವೆ.